ಮರಳುಗಾಡಿನ ಕಲ್ಲುಹೂವಲ್ಲಿ ಧೂಳಿನ ಲೆಕ್ಕ

ಪ್ರಶ್ನೆ: ನನ್ನ ಮಗ ನಮೀಬಿಯಾದ ಸ್ವಾಕೋಪ್‌ಮುಂಡ್ ಊರಲ್ಲಿದ್ದಾನೆ. ಅಲ್ಲಿನ ಮರಳುಗಾಡಲ್ಲಿ ಬೆಳೆದ ಕೇಸರಿ ಬಣ್ಣದ ಪುಟ್ಟ ಪೊದೆಗಳ ಫೋಟೊ ಕಳಿಸಿದ. "ಅವ್ವಾ, ಇದು ನೀನು ಮಸಾಲೆಗೆ ಹುರಿಯೋ ಕಲ್ಲುಹೂವಿನ ಬಳಗ. ಗಾಳಿಯಲ್ಲಿ ಯಾವ ಲೋಹ ಇದೆ ಅಂತ ಇದರಿಂದ ಕಂಡುಹಿಡೀತಾರಂತೆ" ಅಂದ. ಮರಳುಗಾಡಲ್ಲಿ ಎಲ್ಲೆಲ್ಲೂ ಧೂಳೇ ಅಲ್ವಾ? ಯಾವುದು ಬರೀ ಮಣ್ಣು, ಯಾವುದು ಕಾರ್ಖಾನೆಯ ಕೊಳೆ ಅಂತ ಹೇಗೆ ಗೊತ್ತಾಗುತ್ತೆ? ನಾವು ತಿನ್ನೋ ಕಲ್ಲುಹೂವಲ್ಲೂ ಲೋಹ ಇರುತ್ತಾ?
— ಒಬ್ಬ ಓದುಗರು, ಗದಗ

ಉತ್ತರ: ಅಕ್ಕಾವ್ರೇ, ಧೂಳಿನ ಬಗ್ಗೆ ನೀವು ಕೇಳಿದ್ದೇ ಈ ಕೆಲಸದ ಅಸಲಿ ಕಷ್ಟ. ಲ್ಯಾಬಿನಲ್ಲಿ ಎಲೆ, ಮಣ್ಣು, ಕಲ್ಲುಹೂವುಗಳನ್ನು ಆಸಿಡ್‌ನಲ್ಲಿ ಕರಗಿಸಿ ಲೋಹ ಅಳೆಯುತ್ತಾ ಇಪ್ಪತ್ತೆರಡು ವರ್ಷ ಕಳೆದವಳು ನಾನು. ಅಷ್ಟೂ ವರ್ಷ ಧೂಳು ನನಗೆ ಕಾಟ ಕೊಟ್ಟಿದೆ.

ಕಲ್ಲುಹೂವು ಗಿಡವಲ್ಲ. ಶಿಲೀಂಧ್ರವೊಂದು ಮನೆ ಕಟ್ಟುತ್ತದೆ, ಒಳಗೆ ಸೇರಿಕೊಂಡ ಪಾಚಿ ಬಿಸಿಲು ಹಿಡಿದು ಇಬ್ಬರಿಗೂ ಊಟ ಮಾಡುತ್ತದೆ. ಅದಕ್ಕೆ ಬೇರಿಲ್ಲ. ಎಲೆಗಳ ಮೇಲಿರುವ ಮೇಣದ ಹೊದಿಕೆಯೂ ಇಲ್ಲ. ಹಾಗಾಗಿ ಗಾಳಿಯಲ್ಲಿ ಏನು ಬಂತೋ ಅದೆಲ್ಲ ನೇರವಾಗಿ ಮೈಗೆ. ಸ್ವಾಕೋಪ್‌ಮುಂಡ್ ಕಡೆ ಕರಾವಳಿಯಲ್ಲಿ ವರ್ಷಕ್ಕೆ 20 ಮಿಲಿಮೀಟರ್ ಮಳೆ ಬಿದ್ದರೆ ದೊಡ್ಡದು. ಆದರೆ ಬೆಂಗ್ವೇಲಾ ಎಂಬ ತಣ್ಣನೆಯ ಸಮುದ್ರ ಪ್ರವಾಹದಿಂದ ದಟ್ಟ ಮಂಜು ಏಳುತ್ತದೆ. ಕಲ್ಲುಹೂವು ಬೆಳಗಿನ ಮಂಜು ಕುಡಿದು ಒಂದಿಷ್ಟು ಹೊತ್ತು ಎಚ್ಚರವಾಗಿರುತ್ತದೆ. ಬಿಸಿಲೇರಿದರೆ ಒಣಗಿ ಸುಮ್ನೆ ಮಲಗುತ್ತದೆ. ನಿಮ್ಮ ಮಗ ಕಳಿಸಿದ ಕೇಸರಿ ಪೊದೆ ಬಹುಶಃ ಟೆಲೋಸ್ಕಿಸ್ಟಿಸ್ ಕ್ಯಾಪೆನ್ಸಿಸ್ ಇರಬೇಕು.

ಧೂಳಿನ ಕಣ ಅದರ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನೀರಲ್ಲಿ ಕರಗಿದ ಲೋಹ ಜೀವಕೋಶದ ಗೋಡೆಗೆ ಅಂಟುತ್ತದೆ, ಸ್ವಲ್ಪ ಒಳಕ್ಕೂ ಹೋಗುತ್ತದೆ. ತುಂಬಾ ನಿಧಾನ ಬೆಳೆಯುವ ಜೀವ ಇದು, ಎಲೆಯಂತೆ ವರ್ಷ ವರ್ಷ ಉದುರುವುದೂ ಇಲ್ಲ. ತೊಳೆಯಲು ಮಳೆಯೂ ಇಲ್ಲದ ಕಡೆ ಇಡೀ ವರ್ಷಗಳ ಧೂಳು ಮೈಮೇಲೇ ಉಳಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇದಕ್ಕೆ ಅಲ್ಯೂಮಿನಿಯಂ ನೆರವಾಗುತ್ತದೆ. ಮಣ್ಣಿನಲ್ಲಿ ಅದು ಯಾವಾಗಲೂ ಹೇರಳ, ಹಾಗಾಗಿ ಅದನ್ನು ಅಳೆದರೆ ಕಲ್ಲುಹೂವಿಗೆ ಎಷ್ಟು ಮಣ್ಣು ಅಂಟಿದೆ ಅಂತ ಅಂದಾಜು ಸಿಗುತ್ತದೆ. ಒಂದು ಲೆಕ್ಕ ಹೇಳ್ತೀನಿ, ಅಂಕಿಗಳು ಬರೀ ಉದಾಹರಣೆಗೆ. ಅಲ್ಲಿನ ಒಂದು ಕಿಲೊ ಮಣ್ಣಲ್ಲಿ 80 ಗ್ರಾಂ ಅಲ್ಯೂಮಿನಿಯಂ, 20 ಮಿಲಿಗ್ರಾಂ ಸೀಸ ಇದೆ ಅನ್ನಿ. ಒಂದು ಕಿಲೊ ಒಣ ಕಲ್ಲುಹೂವಲ್ಲಿ 2 ಗ್ರಾಂ ಅಲ್ಯೂಮಿನಿಯಂ ಸಿಕ್ಕಿತು. ಅಂದರೆ ಮಣ್ಣಿನಿಂದ ಬರಬೇಕಾದ ಸೀಸ ಅರ್ಧ ಮಿಲಿಗ್ರಾಂ ಮಾತ್ರ. ಆದರೆ ಅಳೆದಾಗ 10 ಮಿಲಿಗ್ರಾಂ ಬಂತು. ಇಪ್ಪತ್ತು ಪಟ್ಟು! ಹತ್ತು ಪಟ್ಟು ದಾಟಿದರೆ ಸಾಮಾನ್ಯವಾಗಿ ಬೇರೆ ಮೂಲ ಹುಡುಕುತ್ತೇವೆ. ಗಾಡಿಯ ಹೊಗೆಯೋ, ಅದಿರು ಕರಗಿಸುವ ಕುಲುಮೆಯೋ.

ನಿಮ್ಮ ಮಗ ಇರುವ ಕಡೆಯ ನಮೀಬ್ ಮರಳುಗಾಡಿನಲ್ಲಿ ಒಂದು ತೊಡಕಿದೆ. ಸ್ವಾಕೋಪ್‌ಮುಂಡ್‌ನಿಂದ ಸುಮಾರು 65 ಕಿ.ಮೀ. ಒಳಗೆ ರಾಸಿಂಗ್ ಯುರೇನಿಯಂ ಗಣಿ ಇದೆ, 1976ರಿಂದ ನಡೆಯುತ್ತಿದೆ. ಚಳಿಗಾಲದಲ್ಲಿ ಒಳನಾಡಿನಿಂದ ಸಮುದ್ರದ ಕಡೆ ಬಿಸಿ ಗಾಳಿ ಧೂಳು ಹೊತ್ತು ಬೀಸುತ್ತದೆ. ಕಲ್ಲುಹೂವಲ್ಲಿ ಯುರೇನಿಯಂ ಕಂಡ ಕೂಡಲೇ ಗಣಿಯತ್ತ ಬೆರಳು ತೋರಿಸುವುದು ಸುಲಭ. ಆದರೆ ಆ ಸೀಮೆಯ ಬಂಡೆಯಲ್ಲೇ ಯುರೇನಿಯಂ ಇದೆ, ಅದಕ್ಕೇ ತಾನೇ ಅಲ್ಲಿ ಗಣಿ ಬಂದದ್ದು! ಪುಸ್ತಕದಲ್ಲಿರುವ ಸರಾಸರಿ ಮಣ್ಣಿನ ಲೆಕ್ಕ ಹಿಡಿದರೆ ಮೋಸ ಹೋಗುತ್ತೇವೆ. ಕಲ್ಲುಹೂವು ಕಿತ್ತ ಜಾಗದ ಮಣ್ಣನ್ನೇ ಅಳೆಯಬೇಕು. ಗಣಿಯಿಂದ ದೂರ ಹೋದಂತೆ ಅಂಕಿ ಇಳಿಯುತ್ತಾ ಅಂತಲೂ ನೋಡಬೇಕು. ಇಷ್ಟು ಮಾಡದೆ ಯಾರನ್ನೂ ದೂರುವುದು ಸರಿಯಲ್ಲ, ಯಾರಿಗೂ ಕ್ಲೀನ್ ಚಿಟ್ ಕೊಡುವುದೂ ಸರಿಯಲ್ಲ.

ಕೈತಪ್ಪುಗಳೂ ಆಗುತ್ತವೆ. ಶುರುವಿನಲ್ಲಿ ನಾನು ಸ್ಟೀಲ್ ಚಾಕುವಿನಿಂದ ಬಂಡೆ ಕೆರೆದು ಮಾದರಿ ತಂದಿದ್ದೆ. ಕ್ರೋಮಿಯಂ, ನಿಕಲ್ ಜಾಸ್ತಿ ಬಂದವು. ಅದು ಚಾಕುವಿನದೇ ಲೋಹ! ಒಂದು ಬೇಸಿಗೆಯ ಮಾದರಿ ಎಲ್ಲ ಬಿಸಾಡಬೇಕಾಯಿತು, ಈಗಲೂ ನೆನೆದರೆ ಸಂಕಟ. ಆಮೇಲೆ ಪ್ಲಾಸ್ಟಿಕ್ ಚಾಕುವನ್ನೇ ಬಳಸಿದೆ. ತೊಳೆಯಬೇಕೇ ಬೇಡವೇ ಅನ್ನುವುದು ಇನ್ನೊಂದು ಜಗಳ. ತೊಳೆದರೆ ಧೂಳು ಹೋಗುತ್ತದೆ, ಜೊತೆಗೆ ಜೀವಕೋಶದೊಳಗಿನ ಪೊಟ್ಯಾಶಿಯಂ ಕೂಡ ಸೋರಬಹುದು. ಮರಳುಗಾಡಿನ ಮಾದರಿಯನ್ನು ತೊಳೆಯದೆ, ಅಂಟಿದ ಕಲ್ಲಿನ ಚೂರನ್ನು ಮಾತ್ರ ತೆಗೆದು ಅಳೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮಸಾಲೆ ಡಬ್ಬಿಯ ಕಲ್ಲುಹೂವೂ ಬೆಳೆದ ಊರಿನ ಗಾಳಿಯನ್ನು ಹೀಗೇ ಹೀರಿರುತ್ತದೆ. ಹುರಿದರೆ ಲೋಹ ಹೋಗುವುದಿಲ್ಲ. ನಾವು ಹಾಕುವುದು ಚಿಟಿಕೆಯಷ್ಟು, ಆದ್ದರಿಂದ ಗಾಬರಿ ಬೇಡ. ರಸ್ತೆ ಬದಿಯ, ಕಾರ್ಖಾನೆ ಪಕ್ಕದ ಮರದಿಂದ ಮಾತ್ರ ಕಿತ್ತು ತರಬೇಡಿ.

ಮಗನಿಗೂ ಒಂದು ಮಾತು ಹೇಳಿ. ಅಲ್ಲಿ ಗಾಡಿ ಚಕ್ರ ಹಾಯ್ದ ಗುರುತು ದಶಕಗಟ್ಟಲೆ ಮಾಸುವುದಿಲ್ಲ. ದಾರಿಯಲ್ಲೇ ನಿಂತು ನೋಡಲಿ. ಹೋಗುವುದಾದರೆ ಬೆಳಗಿನ ಮಂಜಿನಲ್ಲೇ ಹೋಗಲಿ. ಹಗಲೆಲ್ಲ ಕಪ್ಪು ಚೂರುಗಳಂತೆ ಮುದುಡಿ ಬಿದ್ದಿರುವ ಇನ್ನೊಂದು ಬಗೆಯ ಕಲ್ಲುಹೂವುಗಳೂ ಅಲ್ಲಿ ಇರುತ್ತವೆ. ಮಂಜು ತಗುಲಿದಾಗ ಅವು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಅದರ ಫೋಟೊ ತೆಗೆದರೆ ನನಗೂ ಒಂದು ಕಳಿಸಿ.