ಹೊರಹೋದ ಎಂಆರ್‌ಎನ್‌ಎ ಮರಳಿ ಬರುವುದಿಲ್ಲವೇಕೆ?

ಪ್ರಶ್ನೆ: ಎಂಆರ್‌ಎನ್‌ಎ (ಡಿಎನ್‌ಎಯ ಸಂದೇಶ ಒಯ್ಯುವ ಆರ್‌ಎನ್‌ಎ) ಕೋಶಕೇಂದ್ರದ ಪೊರೆಯಲ್ಲಿರುವ ರಂಧ್ರಗಳ ಮೂಲಕ ಕೋಶದ್ರವ್ಯಕ್ಕೆ ಬರುತ್ತದೆ ಎಂದಷ್ಟೇ ಪಠ್ಯದಲ್ಲಿದೆ. ರಂಧ್ರ ತೆರೆದೇ ಇದ್ದರೆ ಅಪೂರ್ಣ ಆರ್‌ಎನ್‌ಎ ಕೂಡ ಹೊರಬರಬೇಕಲ್ಲವೇ? ಬಂದದ್ದು ಮತ್ತೆ ಒಳಗೆ ಹೋಗುವುದಿಲ್ಲವೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ರಂಧ್ರ ತೆರೆದಿದೆ ಎಂಬ ಕಲ್ಪನೆಯನ್ನೇ ಮೊದಲು ಬಿಡಿ. ಅದು ಸುಮಾರು 30 ಬಗೆಯ ಪ್ರೋಟೀನ್‌ಗಳಿಂದಾದ ದೊಡ್ಡ ರಚನೆ. ಅದರ ನಡುದಾರಿಯಲ್ಲಿ ಫೀನೈಲ್‌ಅಲನಿನ್–ಗ್ಲೈಸಿನ್ ಜೋಡಿಗಳು ಮತ್ತೆ ಮತ್ತೆ ಬರುವ ಪ್ರೋಟೀನ್ ಎಳೆಗಳು ಕಿಕ್ಕಿರಿದಿವೆ. ಸುಮಾರು 40 ಕಿಲೋಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ಸಣ್ಣ ಅಣುಗಳು ನುಸುಳಿಯಾವು. ಎಂಆರ್‌ಎನ್‌ಎ ಅದರ ಹಲವು ಪಟ್ಟು ದೊಡ್ಡದು. ಆ ಎಳೆಗಳಿಗೆ ಅಂಟುತ್ತಾ ಸಾಗುವ ವಾಹಕವಿಲ್ಲದೆ ದಾಟದು. ನಮ್ಮ ಕೋಶಗಳಲ್ಲಿ ಆ ವಾಹಕ ಎನ್‌ಎಕ್ಸ್‌ಎಫ್1–ಎನ್‌ಎಕ್ಸ್‌ಟಿ1 ಜೋಡಿ.

ಈ ಜೋಡಿ ತಾನಾಗಿ ಆರ್‌ಎನ್‌ಎಯನ್ನು ಬಲವಾಗಿ ಹಿಡಿಯುವುದಿಲ್ಲ. ತಪಾಸಣೆಯ ಗುಟ್ಟು ಇರುವುದೇ ಇಲ್ಲಿ. 5 ಪ್ರೈಮ್ ಎಂಬ ಆರಂಭದ ತುದಿಗೆ ಟೋಪಿಯಂಥ ರಚನೆ ಕೂರಬೇಕು, ಇಂಟ್ರಾನ್‌ಗಳೆಂಬ ಬೇಡದ ನಡುತುಣುಕುಗಳು ಕತ್ತರಿಸಿ ಹೋಗಬೇಕು, ಇನ್ನೊಂದು ತುದಿಗೆ ಸುಮಾರು 200 ಅಡೆನಿನ್‌ಗಳ ಬಾಲ ಸೇರಬೇಕು. ಈ ಕೆಲಸಗಳು ನಡೆಯುತ್ತಿದ್ದಂತೆ ಟ್ರೆಕ್ಸ್ ಎಂಬ ಪ್ರೋಟೀನ್ ಸಂಕೀರ್ಣ ಆರ್‌ಎನ್‌ಎ ಮೇಲೆ ಕೂರುತ್ತದೆ. ವಾಹಕವನ್ನು ಕರೆತರುವುದು ಅದೇ. ಇಂಟ್ರಾನ್ ಉಳಿದ ಆರ್‌ಎನ್‌ಎ ಸಾಮಾನ್ಯವಾಗಿ ಒಳಗೇ ಉಳಿದು ನಾಶವಾಗುತ್ತದೆ. ಎಚ್‌ಐವಿಗೆ ಮಾತ್ರ ಇಂಟ್ರಾನ್ ಸಹಿತ ಆರ್‌ಎನ್‌ಎಯೇ ಹೊರಗೆ ಬೇಕು. ಹಾಗಾಗಿ ಅದರ ರೆವ್ ಪ್ರೋಟೀನ್ ಸಿಆರ್‌ಎಂ1 ಎಂಬ ಬೇರೆ ವಾಹಕವನ್ನು ಹಿಡಿಯುತ್ತದೆ.

ಇನ್ನು ಮರಳುವ ಮಾತು. ರಂಧ್ರದ ಹೊರಬದಿಯಲ್ಲಿ ಡಿಡಿಎಕ್ಸ್19 ಎಂಬ ಕಿಣ್ವ ಕಾದಿರುತ್ತದೆ. ಗ್ಲೆ1 ಪ್ರೋಟೀನಿನ ನೆರವಿನಿಂದ, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಅದು ವಾಹಕವನ್ನು ಕಳಚುತ್ತದೆ. ವಾಹಕ ಹೋಯಿತು, ಹಿಂದಿರುಗುವ ದಾರಿಯೂ ಮುಚ್ಚಿತು. ಇಲಿಯ ಕೋಶಗಳಲ್ಲಿ ಅಳೆದಾಗ, ಬೀಟಾ-ಆಕ್ಟಿನ್ ಎಂಬ ಪ್ರೋಟೀನಿನ ಎಂಆರ್‌ಎನ್‌ಎಯ ಇಡೀ ಪಯಣಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಹಿಡಿಯಿತು. ಅದರಲ್ಲಿ ನಡುದಾರಿ ದಾಟಲು 5ರಿಂದ 20 ಮಿಲಿಸೆಕೆಂಡ್ ಸಾಕಾಯಿತು. ಉಳಿದದ್ದೆಲ್ಲ ರಂಧ್ರಕ್ಕೆ ಸೇರುವುದಕ್ಕೆ ಮತ್ತು ಬಿಡುಗಡೆಯಾಗುವುದಕ್ಕೆ.

ಕೊರೊನಾ ವೈರಸ್‌ನ ಓಆರ್‌ಎಫ್6 ಪ್ರೋಟೀನ್ ರಂಧ್ರದಲ್ಲಿನ ರೇ1–ನಪ್98 ಜೋಡಿಯನ್ನು ಹಿಡಿದುಕೊಂಡು ಈ ಸಾಗಣೆಗೇ ಅಡ್ಡಿಯಾಗುತ್ತದೆ. ಕೋಶದ ಸಂದೇಶಗಳು ಒಳಗೇ ಉಳಿದು ರಕ್ಷಣೆ ಕುಗ್ಗುತ್ತದೆ. ಕೋಶದ್ರವ್ಯದಲ್ಲೇ ಬೆಳೆಯುವ ವೈರಸ್‌ಗೆ ಇದರಿಂದ ನಷ್ಟವಿಲ್ಲ.

ಪ್ರಶ್ನೆ: ಎಂಆರ್‌ಎನ್‌ಎ ಲಸಿಕೆಗೂ ಈ ಪಯಣ ಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಅದರ ಟೋಪಿ, ಬಾಲಗಳು ತಯಾರಿಕೆಯಲ್ಲೇ ಸೇರಿರುತ್ತವೆ, ಇಂಟ್ರಾನ್ ಇರುವುದಿಲ್ಲ. ಕೊಬ್ಬಿನ ಕಣದೊಳಗಿಂದ ನೇರ ಕೋಶದ್ರವ್ಯಕ್ಕೆ ಇಳಿಯುತ್ತದೆ. ಅದನ್ನು ಓದಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು ಅಲ್ಲಿಯೇ ಇವೆ.