ಹಿಂದಿನ ಬೆಂಚಿನ ಪೆನ್ನು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತ ಸಲಹೆಗೆ ಬಂದವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ.

ಟೀಚರ್‌ಗೆ 26 ವರ್ಷ. ಕೆಲಸಕ್ಕೆ ಸೇರಿ ಎಂಟು ತಿಂಗಳು. ಕೆಲಸ ಉಳಿಯಬೇಕಾದರೆ ಅರ್ಹತಾ ಪರೀಕ್ಷೆ ಪಾಸಾಗಲೇಬೇಕು. ಎರಡು ಸಲ ಬರೆದಿದ್ದರು, ಎರಡು ಸಲವೂ ಕೆಲವೇ ಅಂಕಗಳಲ್ಲಿ ಕೈತಪ್ಪಿತ್ತು. ಮೂರನೆಯದಕ್ಕೆ ಹತ್ತು ವಾರ ಬಾಕಿ. "ಪರೀಕ್ಷೆ ಭಯ ಸರ್, ಅದೊಂದು ಹೋದ್ರೆ ಸಾಕು" ಎಂದರು.

ನಾನೂ ಅದನ್ನೇ ನಂಬಿಬಿಟ್ಟೆ. ಮೊದಲ ಭೇಟಿಯನ್ನು ಉಸಿರಾಟ, ನಿದ್ದೆ, ಓದಿನ ವೇಳಾಪಟ್ಟಿ ಅಂತ ಮುಗಿಸಿದೆ. ಈಗ ಯೋಚಿಸಿದರೆ ಅದು ಸುಮ್ನೆ ಹೋದ ಒಂದು ಗಂಟೆ.

ಎರಡನೇ ಸಲ ಬರುವಾಗ ಗೈಡ್ ತರಲು ಹೇಳಿದ್ದೆ. ತೆರೆದರೆ ಪುಟಪುಟವೂ ಹಳದಿ. ಬಣ್ಣ ಹಚ್ಚದ ಸಾಲನ್ನೇ ಹುಡುಕಬೇಕಿತ್ತು. ಬೋಧನಾ ವಿಧಾನದ ಭಾಗದಲ್ಲಿ ಒಂದು ಕಡೆ ಹಳದಿಯ ಕೆಳಗೆ ಕೆಂಪು ಗೆರೆಯೂ ಇತ್ತು. ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಯೋಚಿಸಲು ಸಮಯ ಕೊಡಬೇಕು ಅನ್ನುವ ಸಾಲು. ಅದರ ಬಗ್ಗೆ ಕೇಳಿದೆ. ಪಟಪಟ ಒಪ್ಪಿಸಿದರು: ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ.

"ಸರಿ, ನನಗೇ ಪಾಠ ಮಾಡಿ" ಎಂದೆ. ಎದ್ದು ನಿಂತರು. "ಎರಡರಲ್ಲಿ ಒಂದು ಭಾಗ ದೊಡ್ಡದಾ, ಮೂರರಲ್ಲಿ ಒಂದು ಭಾಗ ದೊಡ್ಡದಾ?" ನಾನು ಬಾಯಿ ತೆರೆಯುವಷ್ಟರಲ್ಲಿ "ಎರಡರಲ್ಲಿ ಒಂದು, ಅಲ್ವಾ?" ಎಂದು ಉತ್ತರವನ್ನೂ ಅವರೇ ಕೊಟ್ಟರು. ಇಬ್ಬರೂ ನಕ್ಕೆವು. ಆಮೇಲೆ ಅವರ ಕಣ್ಣು ತುಂಬಿತು.

"ಕ್ಲಾಸ್ ಸೈಲೆಂಟ್ ಆದ್ರೆ ಹಿಂದಿನಿಂದ ಪೆನ್ ಸದ್ದು ಕೇಳುತ್ತೆ ಸರ್."

ಅವರಿಗೆ ಮಾರ್ಗದರ್ಶಕರಾಗಿ ಒಬ್ಬ ಹಿರಿಯ ಶಿಕ್ಷಕಿಯನ್ನು ನೇಮಿಸಿದ್ದರು. ಮೇಡಂ ವಾರಕ್ಕೊಮ್ಮೆ ಬಂದು ಕೊನೆಯ ಬೆಂಚಿನಲ್ಲಿ ಕೂತು ಬರೆಯುತ್ತಾರೆ. ವರ್ಷದ ಕೊನೆಗೆ ಇವರ ಮೌಲ್ಯಮಾಪನ ವರದಿಗೆ ಸಹಿ ಹಾಕುವವರೂ ಅವರೇ. ಹಾಗಾಗಿ ಟೀಚರ್ ಎಂಟು ತಿಂಗಳಲ್ಲಿ ಅವರ ಹತ್ತಿರ ಒಂದೇ ಒಂದು ಕಷ್ಟ ಹೇಳಿಕೊಂಡಿರಲಿಲ್ಲ. "ಎಲ್ಲಾ ಚೆನ್ನಾಗಿದೆ ಮೇಡಂ" ಅಷ್ಟೇ. ಅಂಕ ಹಾಕುವವರ ಮುಂದೆ ಗಾಯ ಬಿಚ್ಚಿ ತೋರಿಸುವವರು ಯಾರು? ಸಹಾಯ ಮಾಡುವುದು, ತೂಗಿ ನೋಡುವುದು, ಎರಡನ್ನೂ ಒಬ್ಬರ ತಲೆಗೆ ಕಟ್ಟುವ ವ್ಯವಸ್ಥೆ ನನಗೆ ಸರಿ ಕಾಣುವುದಿಲ್ಲ. ಇದು ಆ ಮೇಡಂ ತಪ್ಪಲ್ಲ, ಹಾಗೆ ಜೋಡಿಸಿದವರದು.

1969ರಲ್ಲೇ ಫ್ರಾನ್ಸಿಸ್ ಫುಲ್ಲರ್ ಎಂಬವರು ಹೊಸ ಶಿಕ್ಷಕರ ಚಿಂತೆಗಳ ಬಗ್ಗೆ ಬರೆದಿದ್ದರು. ಆರಂಭದಲ್ಲಿ ಚಿಂತೆ ತಮ್ಮ ಬಗ್ಗೆಯೇ ಇರುತ್ತದೆ: ನಾನು ನಿಭಾಯಿಸುತ್ತೇನಾ, ಬೇರೆಯವರು ಏನಂದುಕೊಳ್ಳುತ್ತಾರೆ. ಮಕ್ಕಳು ಏನು ಕಲಿತರು ಅನ್ನುವುದು ಆಮೇಲೆ ಬರುತ್ತದೆ. ಇದನ್ನು ಹೇಳಿದಾಗ "ಹಾಗಾದ್ರೆ ನಾನು ಕೆಟ್ಟ ಟೀಚರ್ ಅಲ್ವಾ?" ಎಂದು ಕೇಳಿದರು. ಹೊಸ ಟೀಚರ್ ಅಷ್ಟೇ ಎಂದೆ.

ಸಲಹೆ ಮೊದಲು ಮೇಡಂ ವಿಷಯಕ್ಕೆ. ಮುಖ್ಯಸ್ಥರ ಹತ್ತಿರ ಹೋಗಿ ಮೌಲ್ಯಮಾಪನವನ್ನು ಬೇರೆಯವರಿಗೆ ಕೊಡಿ ಎಂದು ಕೇಳಬಹುದು ಎಂದೆ. ಅದಕ್ಕೆ ಅವರಿಗೆ ಧೈರ್ಯ ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅದರ ಬದಲು ಮೇಡಂ ಹತ್ತಿರವೇ ಎರಡು ಸಣ್ಣ ವಿಷಯ ಕೇಳಲು ಹೇಳಿದೆ. ತಿಂಗಳಿಗೆ ಒಂದು ಪೀರಿಯಡ್ ನೋಟ್‌ಬುಕ್ ಇಲ್ಲದೆ ಬನ್ನಿ. ನಿಮ್ಮ ಕ್ಲಾಸ್ ನೋಡಲು ನನ್ನನ್ನೂ ಬಿಡಿ. ದೂರಿನ ಧಾಟಿ ಬೇಡ, ಪಾಠ ಕಲಿಯುವ ಧಾಟಿಯಲ್ಲಿ ಕೇಳಿ ಎಂದೆ. ಆ ಎರಡು ವಾಕ್ಯವನ್ನು ನನ್ನೆದುರು ನಾಲ್ಕು ಸಲ ಹೇಳಿ ನೋಡಿದರು.

ಮೇಡಂ ಉತ್ತರ ನಾನು ಊಹಿಸಿದ್ದಲ್ಲ. "ಅಯ್ಯೋ, ಫಾರಂನಲ್ಲಿ ಅಷ್ಟೊಂದು ಕಾಲಂ ಇದೆ. ಪೀರಿಯಡ್ ಮುಗಿಯೋದ್ರೊಳಗೆ ತುಂಬಬೇಕಲ್ಲ ಅಂತ ಬರೀತಾ ಕೂತಿರ್ತೀನಿ. ನಿಮ್ಮನ್ನ ನೋಡೋಕೂ ಟೈಮ್ ಸಿಗಲ್ಲ" ಅಂದರಂತೆ. ಅವರಿಗೂ ಈ ಕೆಲಸ ಮೊದಲ ಸಲ. ಮಾರ್ಗದರ್ಶನ ಹೇಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರ ಟೀಚರ್ ಅವರ ಕ್ಲಾಸಿಗೆ ಹೋದರು. ಆ ದಿನದ ಪಾಠ ಅರ್ಧಕ್ಕೇ ಹಳಿ ತಪ್ಪಿತು. ಮೇಡಂ ಬೋರ್ಡ್ ಒರೆಸಿ, "ಇದು ಯಾರಿಗೂ ಅರ್ಥ ಆಗ್ಲಿಲ್ಲ ಅಲ್ವಾ?" ಎಂದು ಮತ್ತೆ ಶುರು ಮಾಡಿದರು. ನನ್ನ ಎಷ್ಟೋ ಭೇಟಿಗಳಿಗಿಂತ ಆ ಒರೆಸಿದ ಬೋರ್ಡ್ ಜಾಸ್ತಿ ಕೆಲಸ ಮಾಡಿತು.

ಪರೀಕ್ಷೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹಳದಿ ಪೆನ್ ಬಿಡಿ, ಗೈಡ್ ಮುಚ್ಚಿ ಖಾಲಿ ಹಾಳೆಯಲ್ಲಿ ನೆನಪಾದದ್ದನ್ನು ಬರೆಯಿರಿ ಎಂದೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದಿದ್ದವರು ಅವರನ್ನು ಹಿಂದೆ ಹಾಕಿದ್ದರು. ಜೊತೆಗೆ ಪ್ರತಿ ಅಭ್ಯಾಸ ಪತ್ರಿಕೆಯ ತಪ್ಪುಗಳನ್ನು ಎರಡು ಗುಂಪು ಮಾಡಿಸಿದೆ: ಗೊತ್ತಿರಲಿಲ್ಲ, ಗೊತ್ತಿತ್ತು ಆದರೂ ತಪ್ಪಿತು. ಎರಡನೇ ಗುಂಪೇ ದೊಡ್ಡದಿತ್ತು. ಕಷ್ಟದ ಪ್ರಶ್ನೆಗೆ ಅಂಟಿ ಕೂತು ಕೊನೆಯ ಪುಟಗಳಲ್ಲಿ ಓಡುತ್ತಿದ್ದರು. ಗುರುತು ಹಾಕಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಸಬೇಕಾಯಿತು.

ಫಲಿತಾಂಶದ ದಿನ ಫೋನ್ ಮಾಡಿದರು. "ಪಾಸ್ ಸರ್, ಅಂಚಿನಲ್ಲಿ" ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು. ಮಿಕ್ಕ ಹತ್ತು ನಿಮಿಷ ಬೇರೆಯದೇ ಮಾತು. ಹಿಂದಿನ ವಾರ ಮೇಡಂ ಬರಿಗೈಯಲ್ಲಿ ಬಂದು ಮಕ್ಕಳ ನಡುವೆ ಕೂತಿದ್ದರಂತೆ. ಇವರು ಪ್ರಶ್ನೆ ಕೇಳಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬೆರಳು ಮಡಚುತ್ತಾ ಎಣಿಸಿದರಂತೆ. ನಾಲ್ಕನೇ ಬೆರಳಿಗೆ, ಎಂದೂ ಮಾತಾಡದ ಹುಡುಗಿಯೊಬ್ಬಳು ಎದ್ದು ನಿಂತಳು.

"ಉತ್ತರ ತಪ್ಪೇ ಸರ್. ಆದ್ರೆ ಮೂರು ವಾಕ್ಯ ಹೇಳಿದ್ಲು!"