ಓದುಗರ ಪ್ರಶ್ನೆ: ಜೂನ್‌ನಲ್ಲಿ ಏರಿದ ರಂಜಕ ಆಗಸ್ಟ್‌ನಲ್ಲಿ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮಣ್ಣನ್ನು ಫೆಬ್ರವರಿ, ಜೂನ್ ಮತ್ತು ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿಸಿದೆ. ಲಭ್ಯ ರಂಜಕ (ಗಿಡಕ್ಕೆ ಸಿಗುವ ಫಾಸ್ಫರಸ್) ಜೂನ್‌ನಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗಿ, ಆಗಸ್ಟ್‌ನಲ್ಲಿ ಮತ್ತೆ ತಳ ಹಿಡಿದಿದೆ. ಪಕ್ಕದ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಇಷ್ಟು ಏರಿಳಿತವಿಲ್ಲ. ಬೆಟ್ಟಕ್ಕೆ ನಾನು ಏನನ್ನೂ ಹಾಕಿಲ್ಲ. ವರದಿ ತಪ್ಪೇ? ಬೆಟ್ಟಕ್ಕೂ ಶಿಲಾರಂಜಕ (ರಾಕ್ ಫಾಸ್ಫೇಟ್ ಗೊಬ್ಬರ) ಕೊಡಬೇಕೇ?
— ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ಉತ್ತರ: ಪ್ರಯೋಗಾಲಯದವರನ್ನು ಬೈಯುವ ಮೊದಲು ಮೂರೂ ವರದಿಗಳ ತಲೆಬರಹ ಓದಿ. ಒಂದರಲ್ಲಿ ‘ಪಿ’ (ಬರೀ ರಂಜಕ) ಎಂದೂ ಇನ್ನೊಂದರಲ್ಲಿ ‘ಪಿ2ಒ5’ (ಅದರ ಆಕ್ಸೈಡ್) ಎಂದೂ ಇದ್ದರೆ ನಿಮ್ಮ ದುಪ್ಪಟ್ಟು ಅಲ್ಲೇ ಸಿಗುತ್ತದೆ. 10 ಕಿಲೋ ಪಿ ಎಂದರೆ 22.9 ಕಿಲೋ ಪಿ2ಒ5. ಲಭ್ಯ ರಂಜಕ ಅಳೆದ ವಿಧಾನವನ್ನೂ ನೋಡಿ. ನಮ್ಮ ಹುಳಿ ಮಣ್ಣಿಗೆ ಬ್ರೇ ವಿಧಾನ ಸರಿ, ಓಲ್ಸೆನ್ ವಿಧಾನ ಬಯಲುಸೀಮೆಯ ಕ್ಷಾರ ಮಣ್ಣಿಗೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಇವೆಲ್ಲ ಸರಿಯಿದ್ದರೆ ವರದಿಯನ್ನು ನಂಬಿ. ಬೆಟ್ಟ ಹಾಗೆಯೇ ನಡೆದುಕೊಳ್ಳುತ್ತದೆ.

ಮತ್ತಿ, ನಂದಿ, ಹೊನ್ನೆ ಬೇಸಿಗೆಗೆ ಎಲೆ ಉದುರಿಸುತ್ತವೆಯಷ್ಟೆ. ಆದರೆ ಮರ ಮಹಾ ಜಿಪುಣ. ಎಲೆ ಕಳಚುವ ಮೊದಲು ಅದರ ರಂಜಕದಲ್ಲಿ ದೊಡ್ಡ ಪಾಲನ್ನು ರೆಂಬೆಗೆ ಎಳೆದುಕೊಂಡುಬಿಡುತ್ತದೆ. ಉಳಿದದ್ದು ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಮಳೆಗಾಗಿ ಕಾಯುತ್ತದೆ. ಅತ್ತ ಒಣಗಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ರಾಶಿರಾಶಿಯಾಗಿ ಸತ್ತಿರುತ್ತವೆ. ಮೊದಲ ಮಳೆ ಬಿದ್ದಾಗ ಬದುಕುಳಿದವುಗಳಲ್ಲೂ ಅನೇಕವು ಒಮ್ಮೆಲೇ ನೀರು ಹೀರಿ ಒಡೆಯುತ್ತವೆ. ಅವುಗಳ ಮೈಯಲ್ಲಿದ್ದ ರಂಜಕ ಮಣ್ಣಿಗೆ ಬರುತ್ತದೆ, ನೆನೆದ ದರಕಿನಿಂದಲೂ ಇಳಿಯುತ್ತದೆ. ನೀವು ಮೃಗಶಿರ ಮಳೆ ಹಿಡಿದ ಹೊತ್ತಿಗೆ ಮಣ್ಣು ತೆಗೆದಿದ್ದರೆ ಸಿಕ್ಕಿದ್ದು ಈ ಉಬ್ಬರ.

ಅದು ತೊಳೆದುಹೋಯಿತೆಂದು ನೀವು ಅಂದುಕೊಂಡಿರಬಹುದು. ರಂಜಕ ನೈಟ್ರೇಟಿನಂತೆ ನೀರಿನಲ್ಲಿ ಸುಲಭವಾಗಿ ಇಳಿದುಹೋಗುವ ಪೈಕಿಯಲ್ಲ. ಹೋದರೆ ಮುಖ್ಯವಾಗಿ ಮಣ್ಣಿನ ಕಣವನ್ನು ಹಿಡಿದುಕೊಂಡೇ ಹೋಗುತ್ತದೆ. ಹಳ್ಳದಲ್ಲಿ ಕೆಂಪು ನೀರು ಹರಿದರೆ ಮಾತ್ರ ಆ ಚಿಂತೆ ಮಾಡಿ. ಆಗಸ್ಟ್‌ನ ಆಶ್ಲೇಷಾ ಮಳೆಯಲ್ಲಿ ಬೆಟ್ಟಕ್ಕೆ ಹೋಗಿ ಒಂದು ಹಿಡಿ ದರಕು ಎತ್ತಿ ನೋಡಿ. ಅರೆಕೊಳೆತ ಎಲೆಗಳು ಬಿಳಿಯ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅವು ಶಿಲೀಂಧ್ರ. ಕೂದಲಿನಂತಹ ಬೇರುಗಳು ಮಣ್ಣು ಬಿಟ್ಟು ಮೇಲಕ್ಕೆ, ಎಲೆಯ ಪದರದೊಳಕ್ಕೇ ನುಗ್ಗಿರುತ್ತವೆ. ನಿಮ್ಮ ಜೂನ್ ರಂಜಕ ಅಲ್ಲಿದೆ: ಬೇರಿನಲ್ಲಿ, ಶಿಲೀಂಧ್ರದಲ್ಲಿ, ಮತ್ತೆ ಹುಟ್ಟಿದ ಸೂಕ್ಷ್ಮಜೀವಿಗಳಲ್ಲಿ. ಅವುಗಳ ಕೈ ತಪ್ಪಿದ್ದನ್ನು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ವರದಿ ತೋರಿಸುವ ‘ಲಭ್ಯ’ ರಂಜಕ ಜೇಬಿನ ಚಿಲ್ಲರೆ ಮಾತ್ರ. ಮಣ್ಣಿನ ಒಟ್ಟು ರಂಜಕ ಅದರ ಹಲವು ಪಟ್ಟು.

ಬೇಣದ ಲೆಕ್ಕ ಬೇರೆ. ಅಲ್ಲಿ ದರಕಿನ ಹಾಸು ಇಲ್ಲ, ವಹಿವಾಟೆಲ್ಲ ಬೇರಿನ ಮಟ್ಟದಲ್ಲಿ. ಮಳೆ ಬಿದ್ದ ಕೂಡಲೇ ಹುಲ್ಲು ಚಿಗುರಿ ಬಂದದ್ದನ್ನೆಲ್ಲ ಹೀರುವುದರಿಂದ ಜೂನ್‌ನ ಉಬ್ಬರ ನಿಮ್ಮ ಮಾದರಿಯಲ್ಲಿ ಕಾಣದಿರಬಹುದು. ತೆನೆ ಬಲಿತಂತೆ ಎಲೆಯ ರಂಜಕ ಬೀಜಕ್ಕೂ ಬೇರಿಗೂ ಸರಿಯುತ್ತದೆ. ಹಾಗಾಗಿ ನೀವು ಕೊಯ್ದು ತರುವ ಕರಡದಲ್ಲಿ (ಒಣಹುಲ್ಲಿನಲ್ಲಿ) ರಂಜಕ ಬಲು ಕಡಿಮೆ. ಬೇಸಿಗೆಯಲ್ಲಿ ಬರೀ ಒಣಹುಲ್ಲು ತಿಂದ ದನ ಎಲ್ಲಾದರೂ ಎಲುಬು ಸಿಕ್ಕರೆ ಜಗಿಯುತ್ತಾ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಖನಿಜ ಮಿಶ್ರಣ ಕೊಡಿ.

ಇನ್ನು ಶಿಲಾರಂಜಕ. ಬೆಟ್ಟಕ್ಕೆ ಬೇಡ, ತೋಟಕ್ಕೆ ಹಾಕಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 40 ಗ್ರಾಂ ಪಿ2ಒ5 ಶಿಫಾರಸು; ಶೇ 20ರ ಶಿಲಾರಂಜಕವಾದರೆ 200 ಗ್ರಾಂ. ಹುಳಿ ಮಣ್ಣಿನಲ್ಲಿ ಅದು ನಿಧಾನವಾಗಿ ಕರಗುತ್ತದೆ. ತೋಟದ ಮಣ್ಣಿನಲ್ಲಿ ರಂಜಕ ಸಾಕಷ್ಟಿದೆ ಎಂದು ವರದಿ ಹೇಳಿದರೆ ಅದನ್ನೂ ಕಡಿಮೆ ಮಾಡಿ. ಬೆಟ್ಟಕ್ಕೆ ಬೇಕಾದುದು ಬಿಡುವು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನುಭವಿಸುವ ಸವಲತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಅಂದರೆ ಒಂಬತ್ತು ಎಕರೆಯ ರಂಜಕವನ್ನು ಸೊಪ್ಪು, ದರಕಿನ ರೂಪದಲ್ಲಿ ಹೊತ್ತು ಒಂದು ಎಕರೆಗೆ ಸುರಿಯುತ್ತಿದ್ದೇವೆ. ನೆಲ ಬೋಳಾಗುವಂತೆ ಗುಡಿಸುವುದು ನನಗೆ ಸರಿಕಾಣದು. ಒಂದು ಭಾಗವನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ ಗುಡಿಸಿ.

ಮುಂದೆ ಹೋಲಿಸುವುದಿದ್ದರೆ ಪ್ರತಿವರ್ಷ ಒಂದೇ ತಿಂಗಳಲ್ಲಿ ಮಣ್ಣು ತೆಗೆಯಿರಿ. ಮಳೆಗಾಲಕ್ಕಿಂತ ಬೇಸಿಗೆ ವಾಸಿ. ಮೇಲಿನ ಎಲೆಯನ್ನಷ್ಟೇ ಸರಿಸಿ, ಅದರಡಿಯ ಕಪ್ಪು ಮಣ್ಣನ್ನು ಕೆರೆದು ಬಿಸಾಡಬೇಡಿ.

ಪ್ರಶ್ನೆ: ಬೇಣಕ್ಕೆ ಬೆಂಕಿ ಕೊಟ್ಟರೆ ಹುಲ್ಲು ಚೆನ್ನಾಗಿ ಬರುತ್ತದೆ ಎನ್ನುತ್ತಾರೆ ನಮ್ಮ ಮಾವ. ನಿಜವೇ?
— ಗೃಹಿಣಿ, ಕುಮಟಾ

ಉತ್ತರ: ಮಾವನವರ ಮಾತು ಅರ್ಧ ನಿಜ. ಬೂದಿಯಿಂದ ಲಭ್ಯ ರಂಜಕ ಸ್ವಲ್ಪ ಕಾಲ ಏರುತ್ತದೆ. ಆದರೆ ಹುಲ್ಲಿನ ಸಾರಜನಕ ಹೊಗೆಯಾಗಿ ಹೋಗುತ್ತದೆ, ಕರಾವಳಿಯ ಇಳಿಜಾರಿನಲ್ಲಿ ಮೊದಲ ಜಡಿಮಳೆ ಬೂದಿಯನ್ನು ಹಳ್ಳಕ್ಕೆ ಸೇರಿಸುತ್ತದೆ. ಬೆಂಕಿ ಪಕ್ಕದ ಕಾಡಿಗೆ ಹಬ್ಬಿದರೆ ಅರಣ್ಯ ಇಲಾಖೆಗೆ ಉತ್ತರ ಹೇಳಬೇಕಾದವರು ಮಾವನವರೇ.

ಪ್ರಶ್ನೆ: ಪರೀಕ್ಷೆಯ ಮಣ್ಣನ್ನು ಹಳೆಯ ಗೊಬ್ಬರದ ಚೀಲದಲ್ಲಿ ಕೊಂಡೊಯ್ಯಬಹುದೇ?
— ಓದುಗ, ಸಿದ್ದಾಪುರ

ಉತ್ತರ: ಬೇಡ, ಚೀಲದ ಪರೀಕ್ಷೆಯಾದೀತು. ಹೊಸ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅರ್ಧ ಕಿಲೋ ಸಾಕು. ನೆರಳಲ್ಲಿ ಆರಿಸಿದ ಮೇಲೆ ಕಟ್ಟಿ.